ಖಾಲಿ ಮಾಡಿದವರು ಯಾರು?



ನಮ್ಮವ್ವ ಕೂಲಿ ಮಾಡುವವಳು, ಇವತ್ತಿಗೂ ಹೆಬ್ಬೆಟ್ಟು. ಅವಳ ಮಗ ಬಿ.ಎ. ಮುಗಿಸಿ ಕವಿತೆ ಬರೀತಾನೆ ಅಂದರೆ ಅದಕ್ಕೆ ಕಾರಣ ಕೇರಿ ಪಕ್ಕದ ಸರ್ಕಾರಿ ಶಾಲೆ. ಸೋರುವ ಹೆಂಚಿನ ಕೋಣೆ, ಮಧ್ಯಾಹ್ನದ ಬಿಸಿಯೂಟ. ಈಗ ಅಲ್ಲಿ ಮಕ್ಕಳಿಲ್ಲ, ಪಕ್ಕದೂರಿನ ಶಾಲೆಗೆ ಸೇರಿಸ್ತೀವಿ ಅಂತ ಮಾತು ಬಂದಿದೆ. ಇದಕ್ಕೆ ಇಟ್ಟ ಹೆಸರು ಸುಧಾರಣೆ. ಮೂರು ಕಿಲೋಮೀಟರು ಗಂಡುಹುಡುಗನಿಗೆ ದೂರ ಅಷ್ಟೆ. ನಮ್ಮ ಹೆಣ್ಣುಮಕ್ಕಳಿಗೆ ಅದು ಶಾಲೆ ಬಿಡುವ ದಾರಿ.

ಮಕ್ಕಳಿಲ್ಲ ಸರಿ. ಖಾಲಿ ಮಾಡಿದವರು ಯಾರು?

ಮೊದಲು ಊರ ಉಳ್ಳವರ ಮಕ್ಕಳು ಹೋದರು. ವ್ಯಾನು ಬಂತು, ಟೈ ಬಂತು. ಹಿಂದೆಯೇ ಮೇಷ್ಟ್ರ ಮಕ್ಕಳೂ ಹತ್ತಿಕೊಂಡರು. ದನಿ ಇದ್ದವರೆಲ್ಲ ಹೋದ ಮೇಲೆ ನಲ್ಲಿ ಕೆಟ್ಟರೆ, ಮೇಷ್ಟ್ರ ಹುದ್ದೆ ಖಾಲಿ ಬಿದ್ದರೆ ಕೇಳುವವರು ಯಾರು? ಶಾಲೆ ಕೆಟ್ಟದ್ದಕ್ಕೆ ಬಿಟ್ಟೆವು ಅಂತಾರೆ. ಅವರು ಬಿಟ್ಟದ್ದಕ್ಕೇ ಅದು ಇನ್ನಷ್ಟು ಕೆಟ್ಟಿತು.

ಇದು ಹಳೇ ಅನ್ಯಾಯ. ರೈತರ ಬೆವರಿನ ಕಂದಾಯ ಮೇಲಿನವರ ದೊಡ್ಡ ಓದಿಗೆ ಹೋಗ್ತಿದೆ, ಜನರ ಪ್ರಾಥಮಿಕ ಶಾಲೆ ಸೊರಗಿದೆ ಎಂದು ಜೋತಿಬಾ ಫುಲೆ 1882ರಲ್ಲೇ ಹಂಟರ್ ಆಯೋಗಕ್ಕೆ ಬರೆದುಕೊಟ್ಟಿದ್ದರು. ಜಾತಿ, ಅಂತಸ್ತು ನೋಡದೆ ಎಲ್ಲರ ಮಕ್ಕಳೂ ಓದುವ ಸಮಾನ ಶಾಲೆ ಬೇಕು ಎಂದು 1964–66ರ ಕೊಠಾರಿ ಆಯೋಗ ಹೇಳಿತು. ಕಾಗದದಲ್ಲಿ ಉಳಿಯಿತು.

2010ರಲ್ಲಿ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ಶೇ. 25 ಸೀಟು ನಮ್ಮಂಥವರ ಮಕ್ಕಳಿಗೆ ಎಂದಿತು, ದುಡ್ಡು ಸರ್ಕಾರದ್ದು. 2019ರಲ್ಲಿ ಕರ್ನಾಟಕ ಸರ್ಕಾರ, ಹತ್ತಿರದಲ್ಲಿ ಸರ್ಕಾರಿ ಇಲ್ಲವೆ ಅನುದಾನಿತ ಶಾಲೆ ಇದ್ದರೆ ಆ ಸೀಟಿಲ್ಲ ಎಂದಿತು. ಬಡವರ ಕಿರುಬಾಗಿಲು ಮುಚ್ಚಿತು, ಉಳ್ಳವರ ಹೆಬ್ಬಾಗಿಲು ತೆರೆದೇ ಇತ್ತು. ಬಾಗಿಲು ತೆರೆದಾಗಲೂ ಮುಚ್ಚಿದಾಗಲೂ ನಮ್ಮ ಶಾಲೆಯ ಹೆಂಚು ಸೋರುತ್ತಲೇ ಇತ್ತು.

ಈಗ ನಮ್ಮೊಳಗಿನ ಮಾತು. ಅಂಬೇಡ್ಕರ್ ಜಯಂತಿಗೆ ಓದಿ ಓದಿ ಅಂತ ಭಾಷಣ ಬಿಗಿಯುವ, ಮೀಸಲಾತಿಯಲ್ಲಿ ಕೆಲಸ ಹಿಡಿದ ನಮ್ಮ ಅಣ್ಣಂದಿರ ಮಕ್ಕಳು ಎಲ್ಲಿದ್ದಾರೆ? ಕಾನ್ವೆಂಟಿನಲ್ಲಿ. ಬೈಯೋದು ಸುಲಭ. ನಾಳೆ ನನ್ನ ಮಗುವನ್ನು ಎಲ್ಲಿಗೆ ಸೇರಿಸ್ತೀನಿ? ಎದೆ ಮುಟ್ಟಿಕೊಂಡು ಹೇಳಲಾರೆ. ಇಂಗ್ಲಿಷು ಬೇಕು ಕಣಪ್ಪ ಅನ್ನುವ ನಮ್ಮವ್ವನ ಆಸೆಯಲ್ಲೂ ತಪ್ಪಿಲ್ಲ. ಆ ಇಂಗ್ಲಿಷು ಕೇರಿ ಶಾಲೆಗೇ ಬರಬೇಕು, ಕಲಿಸೋಕೆ ಖಾಯಂ ಮೇಷ್ಟ್ರು ಬರಬೇಕು ಅಂತ ಬೀದಿಗಿಳಿಯದೆ ಒಬ್ಬೊಬ್ಬರೇ ಜಾರಿಕೊಂಡೆವಲ್ಲ, ಅದು ನಮ್ಮ ತಪ್ಪು.

ಸರ್ಕಾರದ ಸಂಬಳ ತಿನ್ನುವವರು ತಮ್ಮ ಮಕ್ಕಳನ್ನು ಸರ್ಕಾರಿ ಶಾಲೆಗೇ ಕಳಿಸಬೇಕೆಂದು 2015ರಲ್ಲಿ ಅಲಹಾಬಾದ್ ಹೈಕೋರ್ಟು ಉತ್ತರ ಪ್ರದೇಶಕ್ಕೆ ಆದೇಶ ಕೊಟ್ಟಿತ್ತು. ಅದು ಜಾರಿಗೇ ಬರಲಿಲ್ಲ.

ಬೀಗ ಹಾಕುವ ಮೊದಲು ಒಂದು ಹಾಜರಿ ಕೂಗಿ ಸ್ವಾಮಿ. ಶಾಸಕರ ಮೊಮ್ಮಗ. ಬಿ.ಇ.ಓ. ಮಗಳು. ಮೇಷ್ಟ್ರ ಮಗ. ಬಂಡಾಯ ಕವಿಯ ಮಗು. ಯಾರು ಎದ್ದು ನಿಂತು 'ಎಸ್ ಸಾರ್' ಅಂತಾರೋ ನೋಡೋಣ.