ಪರರ ನಂಬಿಕೆಯೂ ‘ಎಂದು’ ಎಂಬ ಶಬ್ದವೂ

‘ಮರ್ಫಿ ಟೌನು ಹಲಸೂರಿನ ಸಮೀಪದಲ್ಲಿದೆ’ ಎಂದು ನಂಬಿದವನು, ಹಲಸೂರೂ ಅಲ್ಸೂರೂ ಒಂದೇ ಎಂಬುದನ್ನರಿಯದಿದ್ದರೆ, ಅದು ಅಲ್ಸೂರಿನ ಸಮೀಪದಲ್ಲಿದೆಯೆಂದು ನಂಬಿದನೆನ್ನಲಾಗದು. ‘ಎಂದು’ ಎಂಬುದರ ಹಿಂದಿನ ಹೆಸರನ್ನು ಬದಲಿಸಿದರೆ, ವಸ್ತು ಒಂದೇ ಆದರೂ, ವಾಕ್ಯದ ಸತ್ಯತೆ ಕೆಡಬಹುದು. ಜರ್ಮನಿಯ ಫ್ರೇಗೆ 1892ರಲ್ಲಿ ವಿವರಿಸಿದ ಈ ತತ್ತ್ವವು ಕಾವ್ಯವಿಮರ್ಶೆಗೂ ಸಲ್ಲುವುದು. ವ್ಯಾಸಭಾರತದಲ್ಲಿ ಅರ್ಜುನನು ಅಣ್ಣನನ್ನು ಕೊಂದನೆಂಬುದು ನಿಜ; ‘ಅಣ್ಣನನ್ನು ಕೊಲ್ಲಬೇಕೆಂದು ಬಗೆದನು’ ಎಂಬುದು ಸುಳ್ಳು. ಕುಂತಿಯು ಪಾಂಡವರಿಗೆ ಆ ರಹಸ್ಯವನ್ನು ತಿಳಿಸಿದುದು ಯುದ್ಧಾನಂತರ, ಸ್ತ್ರೀಪರ್ವದಲ್ಲಿ. ಉದ್ಯೋಗಪರ್ವದಲ್ಲಿಯೇ ತನ್ನ ಜನ್ಮವನ್ನರಿತ ಕರ್ಣನಾದರೋ ತಮ್ಮನನ್ನು ಕೊಲ್ಲಬೇಕೆಂದೇ ಬಗೆದವನು. ಕೃತ್ಯವನ್ನು ಹೇಳುವಾಗ ಕವಿಯ ಅರಿವು ಸಾಕು. ಸಂಕಲ್ಪವನ್ನು ಹೇಳುವಾಗ ಪಾತ್ರದ ಅರಿವೇ ಪ್ರಮಾಣ. ಇವೆರಡನ್ನೂ ಬೆರೆಸುವ ವಿಮರ್ಶಕನು ಅರ್ಜುನನಿಗೆ ಇಲ್ಲದ ಪಾಪವನ್ನು ಹೊರಿಸುವುದಲ್ಲದೆ, ಕರ್ಣನ ದುರಂತದ ವಿಶೇಷವನ್ನೂ ಕಾಣದೆ ಹೋಗುತ್ತಾನೆ.