ಬೆಳಕು ಯಾವ ಕಡೆಯಿಂದ? ಮಂಗಳೂರಿನ ರಸಿಕರಿಗೊಂದು ಕೈಪಿಡಿ

ಹಳೆಯ ಹಂಚಿನ ಮನೆಯ ಜಗಲಿಯಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಕೂತು ತಲೆಯೆತ್ತಿ ನೋಡಿ. ಮಾಡು ಎಷ್ಟು ಕೆಳಗಿಳಿದಿರುತ್ತದೆಂದರೆ ಆಕಾಶ ಹೆಚ್ಚೇನೂ ಕಾಣುವುದಿಲ್ಲ. ಆದರೂ ಪಕಾಸಿನ ಅಡಿಮೈ, ರೀಪಿನ ಅಂಚು, ಹಂಚಿನ ಒಳಮೈಯ ಗೀರು ಎಲ್ಲವೂ ನಸುಗೆಂಪಾಗಿ ನಿಚ್ಚಳವಾಗಿ ಕಾಣುತ್ತವೆ. ಈ ಬೆಳಕು ಮೇಲಿನಿಂದ ಬಂದದ್ದಲ್ಲ. ಅಂಗಳಕ್ಕೆ ಬಿದ್ದ ಬಿಸಿಲು ಮಣ್ಣಿನ ಬಣ್ಣವನ್ನು ಮೈಗೆ ಹಚ್ಚಿಕೊಂಡು, ಕೆಳಗಿನಿಂದ ಮೇಲಕ್ಕೆ ಪುಟಿದು ಜಗಲಿಗೆ ಬಂದಿದೆ. ಅಲ್ಲಿ ಕೂತವರ ಗಲ್ಲದ ಕೆಳಭಾಗ, ಹುಬ್ಬಿನ ಅಡಿ ಕೂಡ ನೆರಳಾಗದೆ ಉಳಿಯುವುದು ಇದರಿಂದಲೇ. ಹಳೆಯ ಮನೆಗಳ ಜಗಲಿಯಲ್ಲಿ ಎಲ್ಲರ ಮುಖವೂ ಸೌಮ್ಯವಾಗಿ ಕಾಣುವುದರ ಗುಟ್ಟು ಇಷ್ಟೇ.

ಈ ಊರಿನ ಬೆಳಕನ್ನು ಸವಿಯಲು ಹೊರಡುವವರು ಒಂದೇ ಪ್ರಶ್ನೆಯನ್ನು ಜತೆಗಿಟ್ಟುಕೊಂಡರೆ ಸಾಕು: ಈ ಬೆಳಕು ಯಾವ ಕಡೆಯಿಂದ ಬರುತ್ತಿದೆ? ದೀಪವನ್ನಾಗಲಿ ಸೂರ್ಯನನ್ನಾಗಲಿ ನೋಡಬೇಡಿ. ಬೆಳಕು ಬಿದ್ದ ಜಾಗವನ್ನು ನೋಡಿ, ಅಲ್ಲಿಂದ ಹಿಂದಕ್ಕೆ ಹೋಗಿ. ಮಂಗಳೂರಿನಲ್ಲಿ ಉತ್ತರ ಬಹಳ ಸಲ ‘ಕೆಳಗಿನಿಂದ’ ಎಂದಾಗುತ್ತದೆ.

ಕಾರಣ ಮಳೆ. ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಸುರಿಯುವ ಊರಿನಲ್ಲಿ ಮುರಕಲ್ಲಿನ ಗೋಡೆಯನ್ನು ಇರಿಚಲಿನಿಂದ ಕಾಪಾಡಬೇಕಾದರೆ ಮಾಡನ್ನು ಇಳಿಸಲೇಬೇಕು. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಇಳಿಮಾಡಿಗೆ ಕೆಂಪು ಹೊದಿಕೆ ಸಿಕ್ಕಿತು, ಆಕಾರ ಬದಲಾಗಲಿಲ್ಲ. ಮಳೆಯನ್ನು ಹೊರಗಿಟ್ಟ ಮಾಡು ಬೆಳಕನ್ನೂ ಹೊರಗಿಟ್ಟಿತು. ಹಾಗಾಗಿ ಇಲ್ಲಿನ ಮನೆ, ಗೋದಾಮು, ಅಂಗಡಿಗಳೊಳಗೆ ಬೆಳಕು ಬರುವುದು ಸುತ್ತು ದಾರಿಯಲ್ಲಿ: ಅಂಗಳದಿಂದ ಪುಟಿದು, ಕಾವಿ ನೆಲದ ಮೇಲೆ ಜಾರಿ, ಇಲ್ಲವೇ ಮಾಡಿನ ನಡುವೆ ಕೂರಿಸಿದ ಒಂದು ಗಾಜಿನ ಹಂಚಿನಿಂದ ಇಳಿದು.

ಆ ಗಾಜಿನ ಹಂಚಿಗೆ ಸ್ವಲ್ಪ ಹೊತ್ತು ಕೊಡಿ. ಬಂದರಿನ ಹಳೆಯ ಗೋದಾಮುಗಳಲ್ಲಿ ಅಥವಾ ಪರಿಚಯದವರ ಮನೆಯ ಅಡುಗೆ ಕೋಣೆಯಲ್ಲಿ ಅದು ಸಿಗುತ್ತದೆ. ಒಲೆಯ ಹೊಗೆಯೋ ಅಕ್ಕಿಯ ಧೂಳೋ ಇದ್ದರೆ ಬೆಳಕಿನ ಕೋಲು ಕಣ್ಣಿಗೇ ಕಾಣುತ್ತದೆ. ಇನ್ನೂ ಸೊಗಸಾದದ್ದು ಹಂಚು ಸರಿದ ಸಂದಿನಿಂದ ಬೀಳುವ ಸಣ್ಣ ಚುಕ್ಕೆ. ಸಂದು ಮೂರು ಮೂಲೆಯದಿರಲಿ, ವಕ್ರವಾಗಿರಲಿ, ಅದು ಸಣ್ಣದಾಗಿದ್ದರೆ ನೆಲದ ಮೇಲಿನ ಚುಕ್ಕೆ ಮಾತ್ರ ದುಂಡಗೆ, ಬಿಸಿಲು ಓರೆಯಾಗಿದ್ದರೆ ಕೊಂಚ ಉದ್ದುದ್ದಕ್ಕೆ ಇರುತ್ತದೆ. ಏಕೆಂದರೆ ಅದು ಸಂದಿನ ಆಕಾರವಲ್ಲ, ಸೂರ್ಯನ ಬಿಂಬ. ಬೆಳಕು ನಾಲ್ಕು ಮೀಟರ್ ದೂರ ಸಾಗಿ ಬಂದರೆ ಬಿಂಬ ಸುಮಾರು ನಾಲ್ಕು ಸೆಂಟಿಮೀಟರ್ ಅಗಲ. ಅದರ ಅಂಚಿಗೆ ಒಂದು ಅಕ್ಕಿಕಾಳು ಇಟ್ಟು ಕಾಯಿರಿ. ಎರಡು ನಿಮಿಷದಲ್ಲಿ ಬಿಂಬ ತನ್ನಷ್ಟೇ ಅಗಲ ಸರಿದಿರುತ್ತದೆ. ಭೂಮಿ ತಿರುಗುವುದನ್ನು ಬರಿಗಣ್ಣಿನಲ್ಲಿ ನೋಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. 2019ರ ಡಿಸೆಂಬರ್ 26ರ ಬೆಳಿಗ್ಗೆ ಮಂಗಳೂರಿನಲ್ಲಿ ಕಂಕಣ ಗ್ರಹಣ ಹಿಡಿದಾಗ ಇಂಥ ಚುಕ್ಕೆಗಳು, ಮರದ ಎಲೆಗಳ ನಡುವಿನಿಂದ ಬಿದ್ದವೂ ಸೇರಿ, ಕೆಲ ಹೊತ್ತು ಬಳೆಗಳಾದವು.

ಮೇಲಿನಿಂದ ಬರುವ ಬಿಸಿಲಿಗೂ ಇಲ್ಲಿ ಒಂದು ಲೆಕ್ಕವಿದೆ. ನಮ್ಮ ಗಡಿಯಾರ ನಡೆಯುವುದು ಉತ್ತರ ಪ್ರದೇಶದ ಮೂಲಕ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಪ್ರಕಾರ. ಮಂಗಳೂರು ಅದರ ಪಶ್ಚಿಮಕ್ಕೆ ಬಹಳ ದೂರ. ಹಾಗಾಗಿ ಇಲ್ಲಿ ನಿಜವಾದ ನಡುಹಗಲು ಹನ್ನೆರಡೂವರೆ ಹೊತ್ತಿಗೆ. ಏಪ್ರಿಲ್ 24ರ ಆಸುಪಾಸಿನಲ್ಲಿ ಆ ಹೊತ್ತಿಗೆ ಸೂರ್ಯ ನೆಟ್ಟಗೆ ನೆತ್ತಿಯ ಮೇಲಿರುತ್ತಾನೆ. ದೀಪಸ್ತಂಭಗಳ ನೆರಳು ತಮ್ಮ ಬುಡದಲ್ಲೇ ಅಡಗುತ್ತದೆ. ನೆಹರು ಮೈದಾನದ ಬಳಿ ನಿಂತು ನೋಡಿ. ಆಗಸ್ಟ್ 18ರ ಹೊತ್ತಿಗೆ ಇದೇ ಮತ್ತೊಮ್ಮೆ ಆಗುತ್ತದೆ, ಮೋಡ ಬಿಟ್ಟುಕೊಟ್ಟರೆ. ಇವೆರಡರ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ವರ್ಷವಿಡೀ ತಣ್ಣಗಿದ್ದ ಉತ್ತರದ ಗೋಡೆಗೆ ಮೇ ತಿಂಗಳಲ್ಲಿ ಬಿಸಿಲು ತಾಗುವುದನ್ನು ಮನೆಯಲ್ಲೇ ಗಮನಿಸಬಹುದು.

ಜೂನ್‌ನಿಂದ ಆಟವೇ ಬೇರೆ. ಮಳೆಗಾಲದಲ್ಲಿ ಬೆಳಕೇ ಇಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆಗ ಸೂರ್ಯನ ಬದಲು ಇಡೀ ಆಕಾಶವೇ ದೀಪವಾಗುತ್ತದೆ. ನೆರಳು ಮಾಯವಾಗುತ್ತದೆ, ಬಣ್ಣ ಮುಂದೆ ಬರುತ್ತದೆ. ಒದ್ದೆಯಾದ ಮುರಕಲ್ಲು ಕಡುಗೆಂಪು, ಅದರ ಮೇಲಿನ ಪಾಚಿ ಹಚ್ಚಹಸಿರು. ಬೇಸಗೆಯ ಬಿಸಿಲಿನಲ್ಲಿ ಇವೆರಡೂ ಬಿಳಿಚಿ ಹೋಗಿರುತ್ತವೆ. ಕಾಂಪೌಂಡಿನ ಗೋಡೆಯನ್ನು ನೋಡಬೇಕಾದರೆ ಜುಲೈಯಲ್ಲಿ ನೋಡಬೇಕು. ಆ ತಿಂಗಳು ರಥಬೀದಿಯಲ್ಲಿ ಸಂಜೆ ಅಂಗಡಿಗಳ ದೀಪ ಹತ್ತಿದರೆ ಒದ್ದೆ ರಸ್ತೆ ಆ ಬೆಳಕನ್ನೆಲ್ಲ ಮೇಲಕ್ಕೆಸೆಯುತ್ತದೆ, ಹಿಡಿದ ಕೊಡೆಗಳ ಒಳಮೈ ಬೆಳಗುತ್ತದೆ. ಮತ್ತೆ ಅದೇ, ಕೆಳಗಿನಿಂದ.

ಹೀಗೆ ಪುಟಿದು ಬರುವ ಬೆಳಕಿಗೆ ಪೂರ್ತಿ ವಿರುದ್ಧವಾದ, ಬಣ್ಣದಲ್ಲಿ ಬರೆದಿಟ್ಟ ಬೆಳಕನ್ನೂ ನೋಡಿ ಬನ್ನಿ. ಬಾವುಟಗುಡ್ಡೆಯ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ನಲ್ಲಿ ಇಟಲಿಯ ಜೆಸ್ವಿತ್ ಆಂಟೊನಿಯೊ ಮೊಸ್ಕೆನಿ 1899ರಿಂದ 1901ರವರೆಗೆ ಗೋಡೆ, ಛಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಹೆಚ್ಚಿನವು ಹಸಿ ಗಾರೆಯ ಮೇಲೆ ಬರೆದವು, ಉಳಿದವು ಕ್ಯಾನ್ವಾಸಿನ ಮೇಲಿನ ಎಣ್ಣೆಬಣ್ಣ. ಹಸಿ ಗಾರೆ ಬಣ್ಣವನ್ನು ಒಳಗೆಳೆದುಕೊಳ್ಳುತ್ತದೆ. ಒಣಗಿದ ಮೇಲೆ ಅದಕ್ಕೆ ಹೊಳಪಿಲ್ಲ, ಎಲ್ಲಿಂದ ನೋಡಿದರೂ ಒಂದೇ ಸಮ. ಎಣ್ಣೆಬಣ್ಣ ಸಾಮಾನ್ಯವಾಗಿ ಒಂದು ಕೋನದಲ್ಲಿ ಮಿಂಚುತ್ತದೆ. ಆದ್ದರಿಂದ ನಿಂತಲ್ಲೇ ನಿಲ್ಲಬೇಡಿ, ಪಕ್ಕಕ್ಕೆ ನಡೆಯುತ್ತ ನೋಡಿ. ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಐದು ಹತ್ತು ನಿಮಿಷವಾದರೂ ಬಿಡುವು ಕೊಡಿ; ನೆರಳಿನ ಮೂಲೆಗಳ ಆಕೃತಿಗಳು ಆಮೇಲೆಯೇ ಬಿಡಿಸಿಕೊಳ್ಳುತ್ತವೆ. ಚಿತ್ರದೊಳಗಿನ ಬಟ್ಟೆಯ ಮಡಿಕೆಗಳಿಗೆ ನೆರಳು ಎಡಕ್ಕಿದೆಯೋ ಬಲಕ್ಕಿದೆಯೋ ಗುರುತಿಸಿ, ಆಮೇಲೆ ಹತ್ತಿರದ ಕಿಟಕಿ ಎಲ್ಲಿದೆ ಎಂದು ತಿರುಗಿ ನೋಡಿ. ಬರೆದವರು ಇಟ್ಟ ಬೆಳಕೂ ನಿಜವಾದ ಬೆಳಕೂ ಎಲ್ಲಿ ಕೂಡುತ್ತವೆ, ಎಲ್ಲಿ ಜಗಳವಾಡುತ್ತವೆ ಎಂದು ಹುಡುಕುವುದರಲ್ಲಿ ಒಂದು ಗಂಟೆ ಹೋದದ್ದೇ ತಿಳಿಯುವುದಿಲ್ಲ.

ಸಂಜೆಗೆ ಸುಲ್ತಾನ್ ಬತ್ತೇರಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ಕರಿಗಲ್ಲಿನ ಬುರುಜನ್ನು ನೋಡಿದ ಮೇಲೆ ನೀರಿನ ಬದಿಗೆ ಇಳಿಯಿರಿ. ಅಲ್ಲಿ ಕಟ್ಟಿದ ದೋಣಿಗಳ ಮಗ್ಗುಲಲ್ಲಿ ಬೆಳಕಿನ ಬಲೆ ಅಲ್ಲಾಡುತ್ತಿರುತ್ತದೆ. ನೆತ್ತಿಯ ಸೂರ್ಯನ ಬೆಳಕಿನಲ್ಲಿ ನೀರು ಹಿಂದಕ್ಕೆ ಕಳಿಸುವುದು ನೂರಕ್ಕೆ ಎರಡು ಪಾಲು ಮಾತ್ರ; ಸೂರ್ಯ ದಿಗಂತದಿಂದ ಹತ್ತು ಡಿಗ್ರಿ ಎತ್ತರಕ್ಕೆ ಇಳಿದಾಗ ಅದು ಮೂರನೇ ಒಂದು ಪಾಲಿಗೇರುತ್ತದೆ. ಮುಳುಗುವ ಮುಂಚಿನ ಮುಕ್ಕಾಲು ಗಂಟೆ ಹೊಳೆಯೇ ಎರಡನೆಯ ಸೂರ್ಯ. ನವೆಂಬರ್ ಕೊನೆಯಲ್ಲಿ ಸೂರ್ಯ ಮುಳುಗುವುದು ಆರರ ಸುಮಾರಿಗೆ, ಜುಲೈ ಮೊದಲಲ್ಲಿ ಏಳಕ್ಕೆ. ಅದಕ್ಕೆ ತಕ್ಕಂತೆ ಹೊರಡಿ. ಪಣಂಬೂರಿನ ಕಡಲತೀರದಲ್ಲಿ ಸೂರ್ಯ ಮುಳುಗಿದ ಕ್ಷಣವೇ ಎದ್ದು ಹೋಗುವ ಜನರನ್ನು ಕಂಡರೆ ಬೇಸರವಾಗುತ್ತದೆ. ಒದ್ದೆ ಮರಳಿಗೆ ಆಕಾಶದ ಬಣ್ಣ ಇಳಿಯುವುದು ಆಮೇಲಿನ ಇಪ್ಪತ್ತು ನಿಮಿಷಗಳಲ್ಲಿ.

ರಾತ್ರಿಯ ವಿಷಯಕ್ಕೆ ಬಂದರೆ ನನಗೆ ಒಂದು ಹಟವಿದೆ. ದೈವದ ಕೋಲವನ್ನು ಜೀಟಿಗೆಯ, ಅಂದರೆ ಕೈಪಂಜಿನ, ಬೆಳಕಿನಲ್ಲಿ ನೋಡಬೇಕು. ಮುಖಕ್ಕೆ ಹಚ್ಚುವ ಅರದಾಳದ ಹಳದಿ, ಸೊಂಟದ ಎಳೆ ತಿರಿ, ಹಿತ್ತಾಳೆಯ ಮೊಗ ಇವೆಲ್ಲ ಎದೆಯ ಎತ್ತರದಲ್ಲಿ ಹಿಡಿದ, ಅಲುಗುವ ಜ್ವಾಲೆಗಾಗಿ ರೂಪುಗೊಂಡವು. ಬೆಂಕಿ ಕೆಳಗಿನಿಂದ ಮುಖವನ್ನು ಎತ್ತಿ ಹಿಡಿಯುತ್ತದೆ, ಬೆನ್ನಿಗೆ ಕಟ್ಟಿದ ಅಣಿ ಅರ್ಧ ಕತ್ತಲಲ್ಲೇ ಉಳಿಯುತ್ತದೆ, ಹಾಗಾಗಿ ಅದು ಇರುವುದಕ್ಕಿಂತ ದೊಡ್ಡದಾಗುತ್ತದೆ. ಮೇಲಿನಿಂದ ಹಾಯಿಸಿದ ಬಿಳಿ ಹ್ಯಾಲೊಜನ್ ಬೆಳಕಿನಲ್ಲಿ ಎಲ್ಲವೂ ಕಾಣುತ್ತದೆ, ಆ ಹಿರಿಮೆ ಮಾತ್ರ ಕಾಣುವುದಿಲ್ಲ. ಕೋಲಗಳ ಋತು ಮುಗಿಯುವ ಪತ್ತನಾಜೆಗೆ ಮುಂಚೆ, ನಗರದ ಒಳಗಿನ ದೈವಸ್ಥಾನಗಳಲ್ಲೇ ಒಂದು ಕೋಲಕ್ಕೆ ಹೋಗಿ, ವಿದ್ಯುತ್ ದೀಪದಿಂದ ದೂರದ ಬದಿಯಲ್ಲಿ ನಿಂತುಕೊಳ್ಳಿ.

ಬೀದಿದೀಪಗಳ ಬಗ್ಗೆಯೂ ಎರಡು ಮಾತು. ಹಳೆಯ ಸೋಡಿಯಂ ದೀಪದ ಕಿತ್ತಳೆ ಬೆಳಕಿನಲ್ಲಿ ಎಲೆಯೂ ಗೋಡೆಯೂ ಸೀರೆಯೂ ಒಂದೇ ಕಂದು. ಎಲ್‌ಇಡಿ ಬಂದ ಮೇಲೆ ರಾತ್ರಿಗೆ ಬಣ್ಣ ಮರಳಿತು, ಅದು ಒಳ್ಳೆಯದೇ. ತೊಂದರೆ ಇರುವುದು ತೀರಾ ಬಿಳಿಯಾದ, ಕಣ್ಣಿಗೆ ಚುಚ್ಚುವಂತೆ ತೆರೆದಿಟ್ಟ ದೀಪಗಳಲ್ಲಿ. ಎಣ್ಣೆದೀಪದ ಬಣ್ಣ ಸುಮಾರು 1,900 ಕೆಲ್ವಿನ್, ಹಳೆಯ ತಂತಿ ಬಲ್ಬಿನದು 2,700, ಕಟುಬಿಳಿ ಟ್ಯೂಬ್‌ಲೈಟಿನದು 6,500. ಬಲ್ಬು ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಈ ಸಂಖ್ಯೆ ಓದಿ. ಮುರಕಲ್ಲು, ಹಂಚು, ಕಾವಿ ನೆಲ, ಹೀಗೆ ಕೆಂಪಿನ ಊರಿಗೆ ಚಿಕ್ಕ ಸಂಖ್ಯೆಯೇ ಹೊಂದುತ್ತದೆ.

ಇಷ್ಟೆಲ್ಲ ಆದ ಮೇಲೆ ದೀಪಾವಳಿಗೆ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದ ಗೂಡುದೀಪ ಸ್ಪರ್ಧೆಗೆ ಹೋಗಿ. ಅಷ್ಟು ಗೂಡುದೀಪಗಳ ನಡುವೆ ಕಣ್ಣು ತಪ್ಪಿಸಿಕೊಳ್ಳುವುದು ಸಹಜ; ಒಂದನ್ನು ಆರಿಸಿಕೊಂಡು ಅದರ ಮುಂದೆ ನಿಲ್ಲಿ. ಒಳಗಿನ ಬಲ್ಬು ಎಲ್ಲಿದೆ ಎಂದು ಹೊರಗಿನಿಂದ ಗೊತ್ತಾಗುತ್ತದೆಯೇ? ಗೊತ್ತಾಗದಿದ್ದರೆ ಕಟ್ಟಿದವರು ಕೆಲಸ ಬಲ್ಲವರು. ಕಾಗದ ಎರಡು ಪದರವಾದಲ್ಲಿ ಬಣ್ಣ ಗಾಢವಾಗುತ್ತದೆ, ಬಿದಿರಿನ ಕಡ್ಡಿಯ ನೆರಳು ಗೆರೆಯಾಗುತ್ತದೆ. ಒಳ್ಳೆಯ ಕೈ ಈ ಎರಡನ್ನೂ ಚಿತ್ರದ ಭಾಗವಾಗಿಸಿಕೊಂಡಿರುತ್ತದೆ. ಮೂಲೆಗಳು ಕತ್ತಲಾಗಿವೆಯೋ, ಬೆಳಕು ಅಲ್ಲಿಗೂ ತಲುಪಿದೆಯೋ ನೋಡಿ. ಕಟ್ಟಿದವರು ಪಕ್ಕದಲ್ಲೇ ನಿಂತಿದ್ದರೆ, ಬಲ್ಬನ್ನು ಯಾವ ಎತ್ತರಕ್ಕೆ ತೂಗಿದಿರಿ, ಏಕೆ ಎಂದು ಕೇಳಿ.