ಗೋಡೆಯ ಮೇಲಿನ ಅಕ್ಷರ: ದಖನಿನ ಮನೆಗಳಲ್ಲಿ ತುಗರಾ ಮತ್ತು ಆಯ್ಕೆಯ ವಿವೇಕ

1

ಜಾನಪದ ಅಧ್ಯಯನಕ್ಕೆ ಮನೆಯ ಗೋಡೆಯು ಒಂದು ಮಹತ್ವದ ಆಕರ. ಮಲೆನಾಡಿನ ದೀವರ ಮನೆಗಳ ಹಸೆ ಚಿತ್ತಾರವನ್ನು ಕುರಿತು ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಹೊಸ್ತಿಲ ರಂಗೋಲಿ, ಬಾಗಿಲವಾಡದ ಕೆತ್ತನೆ, ದೇವರ ಪಟ ಇವೆಲ್ಲವೂ ವಿದ್ವಾಂಸರ ಗಮನಕ್ಕೆ ಬಂದಿವೆ. ಆದರೆ ಬೀದರ್, ಕಲಬುರಗಿ, ವಿಜಯಪುರ ಭಾಗದ ಮುಸ್ಲಿಂ ಮನೆಗಳ ಪಡಸಾಲೆಯಲ್ಲಿ ತೂಗುವ ಅರಬಿ ಅಕ್ಷರಗಳ ಚೌಕಟ್ಟು ಮಾತ್ರ ಕನ್ನಡದ ಸಂಸ್ಕೃತಿ ಅಧ್ಯಯನದ ಅಂಚಿನಲ್ಲಿಯೇ ಉಳಿದಿದೆ. ಅದು ಧರ್ಮಶಾಸ್ತ್ರದ ವಿಷಯವೆಂದು ಜಾನಪದ ವಿದ್ವಾಂಸರೂ, ಅದು ಕೇವಲ ಅಲಂಕಾರವೆಂದು ಕಲಾವಿಮರ್ಶಕರೂ ಬಿಟ್ಟುಕೊಟ್ಟಿರುವುದು ಇದಕ್ಕೆ ಕಾರಣವಿರಬಹುದು. ಇವೆರಡೂ ಅರ್ಧಸತ್ಯಗಳೆಂಬುದು ಪ್ರಸ್ತುತ ಲೇಖನದ ನಿಲುವು.

ದಖನಿನ ಆಡುಮಾತಿನಲ್ಲಿ ಈ ಚೌಕಟ್ಟಿಗೆ ‘ತುಗರಾ’ ಎಂಬ ಹೆಸರಿದೆ. ಆಟೊಮನ್ ಸುಲ್ತಾನರ ರಾಜಮುದ್ರೆಯ ರೂಪದ ಸಹಿಗೆ ಸಲ್ಲುತ್ತಿದ್ದ ಈ ಪದವು ನಮ್ಮ ಕಡೆ ಬಂದಾಗ ಅರ್ಥವಿಸ್ತಾರ ಪಡೆದು, ಗೋಡೆಗೆ ಹಾಕುವ ಪವಿತ್ರ ಬರಹಕ್ಕೆಲ್ಲ ಸಾಮಾನ್ಯ ಹೆಸರಾಯಿತು. ಅರಸನ ಅಧಿಕಾರದ ಗುರುತೊಂದು ಬಡವನ ಮನೆಯ ಭಕ್ತಿಯ ಗುರುತಾದ ಈ ಪಯಣವೇ ಶಿಷ್ಟ ಮತ್ತು ಜನಪದಗಳ ನಡುವಿನ ಕೊಡುಕೊಳೆಗೆ ಒಳ್ಳೆಯ ನಿದರ್ಶನ.

2

ಇಸ್ಲಾಂನಲ್ಲಿ ಜೀವಿಗಳ ಚಿತ್ರಣಕ್ಕೆ ನಿಷೇಧವಿದ್ದುದರಿಂದಲೇ ಅಕ್ಷರಕಲೆ ಬೆಳೆಯಿತು ಎಂಬ ಮಾತು ನಮ್ಮ ಪಠ್ಯಗಳಲ್ಲಿ ಪದೇ ಪದೇ ಕಾಣಿಸುತ್ತದೆ. ದಖನಿನ ಚರಿತ್ರೆಯ ಮುಂದೆ ಈ ವಿವರಣೆ ನಿಲ್ಲುವುದಿಲ್ಲ. ಎರಡನೆಯ ಇಬ್ರಾಹಿಂ ಆದಿಲ್ ಶಾಹನ (ಆಳ್ವಿಕೆ 1580–1627) ಆಸ್ಥಾನದಲ್ಲಿ ವ್ಯಕ್ತಿಚಿತ್ರಗಳು ಅತ್ಯುನ್ನತ ಮಟ್ಟ ತಲುಪಿದ್ದವು. ಸ್ವತಃ ಸುಲ್ತಾನನ ಚಿತ್ರಗಳೇ ಅನೇಕ ಉಳಿದಿವೆ. ಅದೇ ಆಸ್ಥಾನದಲ್ಲಿ ಅಕ್ಷರಕಲೆಯೂ ಅಷ್ಟೇ ಮನ್ನಣೆ ಪಡೆದಿತ್ತು. ಸುಲ್ತಾನನ ಕೃತಿಯಾದ ‘ಕಿತಾಬ್-ಎ-ನವರಸ್’ನ ಪ್ರತಿಯನ್ನು ಬರೆದು ಒಪ್ಪಿಸಿದ ಇರಾನಿನ ಲಿಪಿಕಾರ ಖಲೀಲುಲ್ಲಾನಿಗೆ ‘ಲೇಖನಿಯ ಬಾದಶಹ’ ಎಂಬ ಬಿರುದು ಸಂದಿತು. ಆದುದರಿಂದ ಅಕ್ಷರವು ಚಿತ್ರಕ್ಕೆ ಬದಲಿಯಾಗಿ ಬಂದದ್ದಲ್ಲ. ದೈವವಾಣಿಯು ನುಡಿಯ ರೂಪದಲ್ಲಿ ಇಳಿಯಿತು ಎಂಬ ನಂಬಿಕೆಯುಳ್ಳ ಸಮುದಾಯಕ್ಕೆ ಆ ನುಡಿಯ ದೃಶ್ಯರೂಪವೇ ಸೌಂದರ್ಯದ ಮೊದಲ ನೆಲೆಯಾಯಿತು ಎನ್ನುವುದು ಹೆಚ್ಚು ಸರಿ.

ಈ ಕಲೆಗೆ ಖಚಿತವಾದ ವ್ಯಾಕರಣವಿದೆ. ಬಾಗ್ದಾದಿನ ಇಬ್ನ್ ಮುಕ್ಲಾ (ಮರಣ 940) ಲೇಖನಿಯ ತುದಿಯಿಂದ ಮೂಡುವ ವಜ್ರಾಕೃತಿಯ ಚುಕ್ಕೆಯನ್ನೇ ಅಳತೆಯ ಮಾನವಾಗಿ ಮಾಡಿದ. ‘ಅಲಿಫ್’ ಅಕ್ಷರದ ಎತ್ತರವನ್ನು ಚುಕ್ಕೆಗಳಿಂದ ಅಳೆಯಲಾಗುತ್ತದೆ. ಆ ಅಲಿಫನ್ನೇ ವ್ಯಾಸವಾಗಿಟ್ಟುಕೊಂಡ ವೃತ್ತದಿಂದ ಉಳಿದ ಅಕ್ಷರಗಳ ಬಾಗು ನಿರ್ಧಾರವಾಗುತ್ತದೆ. ಇಬ್ನ್ ಅಲ್-ಬವ್ವಾಬ್ ಮತ್ತು ಯಾಕೂತ್ ಅಲ್-ಮುಸ್ತಾಸಿಮಿ (ಮರಣ 1298) ಈ ಪರಂಪರೆಯನ್ನು ಮುಂದುವರಿಸಿದರು. ಕೋನಬದ್ಧವಾದ ಕೂಫಿ, ಓದಿಗೆ ಸುಲಭವಾದ ನಸ್ಖ್, ಎತ್ತರದ ಗೀಟುಗಳ ಗಂಭೀರ ಸುಲುಸ್, ಇಳಿಜಾರಾಗಿ ಹರಿಯುವ ನಸ್ತಾಲಿಕ್ ಇವು ಬೇರೆ ಬೇರೆ ಲಿಪಿಶೈಲಿಗಳು ಮಾತ್ರವಲ್ಲ, ಬೇರೆ ಬೇರೆ ಭಾವಗಳು ಕೂಡ.

ಕನ್ನಡ ನಾಡಿನಲ್ಲಿ ಈ ವ್ಯಾಕರಣದ ಅತ್ಯುತ್ತಮ ಪ್ರಯೋಗಗಳು ಗೋಡೆಯ ಮೇಲೆಯೇ ಇವೆ. ಬೀದರಿನಲ್ಲಿ 1472ರಲ್ಲಿ ಕಟ್ಟಿದ ಮಹಮೂದ್ ಗವಾನನ ಮದರಸಾದ ಮುಂಭಾಗದ ಬಣ್ಣದ ಹೆಂಚುಗಳಲ್ಲಿ ಇಂದಿಗೂ ಉಳಿದಿರುವ ಸುಲುಸ್ ಅಕ್ಷರಗಳು ದೂರದಿಂದ ನೋಡುವವನಿಗಾಗಿ ರಚಿತವಾದವು. ಅಷ್ಟೂರಿನ ಅಹಮದ್ ಶಾಹ ವಲಿಯ ಗುಮ್ಮಟದ ಒಳಮೈಯಲ್ಲಿ ಬಣ್ಣ ಮತ್ತು ಬಂಗಾರದಲ್ಲಿ ಬರೆದ ಅಕ್ಷರಪಟ್ಟಿಗಳಿವೆ. ಈ ಸುಲ್ತಾನನನ್ನು ಲಿಂಗಾಯತ ಭಕ್ತರು ಅಲ್ಲಮಪ್ರಭುವಿನ ರೂಪವೆಂದು ಪೂಜಿಸುತ್ತಾರೆ, ಅವನ ಉರುಸಿನಲ್ಲಿ ಜಂಗಮರು ಭಾಗವಹಿಸುತ್ತಾರೆ ಎಂಬುದು ಗಮನಾರ್ಹ. ಅಂದರೆ ಆ ಅಕ್ಷರಗಳ ಕೆಳಗೆ ತಲೆಬಾಗುವವರಲ್ಲಿ ಬಹುಪಾಲು ಜನ ಅವುಗಳನ್ನು ಓದಲಾರದವರು. ಅರಬಿ ಬಾರದ ಕನ್ನಡಿಗನಿಗೂ ಅದು ಪವಿತ್ರವೆಂಬುದು ತಿಳಿಯುತ್ತದೆ. ಓದದೆಯೂ ಗುರುತಿಸುವ ಈ ಬಗೆಯ ಸಾಕ್ಷರತೆಯನ್ನು ಜಾನಪದವು ಗಂಭೀರವಾಗಿ ಪರಿಗಣಿಸಬೇಕು.

ವಿಜಯಪುರದ ಇಬ್ರಾಹಿಂ ರೋಜಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿನ ಕಿಟಕಿಗಳ ಕಲ್ಲಿನಲ್ಲಿ ಅಕ್ಷರಗಳನ್ನು ಉಳಿಸಿ ಅವುಗಳ ನಡುವಿನ ಜಾಗವನ್ನು ಕೊರೆಯಲಾಗಿದೆ. ಬೆಳಕು ಅಕ್ಷರಗಳ ಸಂದಿಯಿಂದ ಒಳಬರುತ್ತದೆ. ಒಂದು ಅಕ್ಷರ ಇನ್ನೊಂದನ್ನು ಹಿಡಿದು ನಿಲ್ಲಿಸದಿದ್ದರೆ ಕಲ್ಲು ನಿಲ್ಲದು. ಆದುದರಿಂದ ಅಲ್ಲಿ ಲಿಪಿಕಾರನ ರಚನೆ ಮತ್ತು ಕಲ್ಲುಕುಟಿಗನ ಲೆಕ್ಕಾಚಾರ ಒಂದೇ ಆಗಿವೆ. ಗೋಲಗುಮ್ಮಟದ ದಕ್ಷಿಣ ದ್ವಾರದ ಮೇಲಿನ ಬರಹದ ಮೂರು ಭಾಗಗಳಲ್ಲಿ ಪ್ರತಿಯೊಂದರ ಅಕ್ಷರಮೌಲ್ಯವನ್ನು ಕೂಡಿದರೂ ಮಹಮ್ಮದ್ ಆದಿಲ್ ಶಾಹನ ಮರಣದ ಹಿಜರಿ ವರ್ಷ 1067 ಬರುತ್ತದೆ. ಅಕ್ಷರವನ್ನು ಸಂಖ್ಯೆಯಾಗಿ ಕಾಣುವ ಇದೇ ‘ಅಬ್ಜದ್’ ಪದ್ಧತಿಯಿಂದ ಬಿಸ್ಮಿಲ್ಲಾಗೆ 786 ಎಂಬ ಅಂಕಿ ಬಂದಿದೆ. ಇಂದು ಲಾರಿಯ ಮುಖದ ಮೇಲೆ, ಅಂಗಡಿಯ ಲೆಕ್ಕದ ಪುಸ್ತಕದ ಮೇಲೆ ಕಾಣುವ ಆ ಅಂಕಿಯೂ ಗುಮ್ಮಟದ ಶಾಸನವೂ ಒಂದೇ ಬಳಗದವು.

3

ಮನೆಯೊಳಗಿನ ತುಗರಾ ಈ ಪರಂಪರೆಯ ಕಿರಿಯ ರೂಪ. ಆದರೆ ಅದರ ಕೆಲಸ ಸ್ಮಾರಕದ ಬರಹದ ಕೆಲಸಕ್ಕಿಂತ ಭಿನ್ನ. ಬಾಗಿಲ ಮೇಲೆ ಬಿಸ್ಮಿಲ್ಲಾ ಅಥವಾ ‘ಆಯತುಲ್ ಕುರ್ಸಿ’, ಪಡಸಾಲೆಯಲ್ಲಿ ‘ಅಲ್ಲಾಹ್’ ಮತ್ತು ‘ಮುಹಮ್ಮದ್’ ಎಂಬ ಜೋಡಿ ಹೆಸರುಗಳು, ಮಕ್ಕಳು ಮಲಗುವ ಕೋಣೆಯಲ್ಲಿ ‘ಚಾರ್ ಕುಲ್’ ಎಂದು ಕರೆಯುವ ನಾಲ್ಕು ಕಿರು ಅಧ್ಯಾಯಗಳು, ಶಿಯಾ ಮನೆಗಳಲ್ಲಿ ಅಲಿಯನ್ನು ಕರೆಯುವ ಪ್ರಾರ್ಥನೆ ಹೀಗೆ ಪ್ರತಿ ಪಠ್ಯಕ್ಕೂ ಮನೆಯ ನಕ್ಷೆಯಲ್ಲಿ ಒಂದು ಸ್ಥಾನವಿದೆ. ಬಾಗಿಲು ಹೊರಗಿನ ಕೇಡು ಒಳಬರುವ ಜಾಗವಾದುದರಿಂದ ಕಾಪಿನ ಪಠ್ಯ ಅಲ್ಲಿಗೆ ಸೇರುತ್ತದೆ. ಹೊಸ್ತಿಲನ್ನು ಕುರಿತ ಈ ಎಚ್ಚರ ಕನ್ನಡ ನಾಡಿನ ಎಲ್ಲ ಸಮುದಾಯಗಳಲ್ಲಿಯೂ ಇದೆ. ಮಾವಿನ ತೋರಣ, ಕುಂಬಳಕಾಯಿ, ಲಿಂಬೆಹಣ್ಣುಗಳ ಪಕ್ಕದ ಮನೆಯಲ್ಲಿಯೇ ಈ ಅಕ್ಷರವೂ ತೂಗುತ್ತದೆ.

ಆದರೂ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಹಸೆ ಚಿತ್ತಾರವು ಮದುವೆಗೆಂದು ಹೊಸದಾಗಿ ಬರೆಯುವಂಥದು. ಹಳೆಯದು ಅಳಿಯುವುದೇ ಅದರ ಜೀವಕ್ರಮ. ಕುರಾನಿನ ಪಠ್ಯವುಳ್ಳ ತುಗರಾ ಹಾಗಲ್ಲ. ಅದು ಮಾಸಿದರೂ ಕಸಕ್ಕೆ ಸೇರುವಂತಿಲ್ಲ. ಹಳೆಯ ಹಾಳೆಗಳನ್ನು ಕಾಲು ತುಳಿಯದ ಜಾಗದಲ್ಲಿ ಹೂಳುವ ಅಥವಾ ಹರಿಯುವ ನೀರಿಗೆ ಬಿಡುವ ರೂಢಿಯಿದೆ. ಕಾಲು ಚಾಚುವ ದಿಕ್ಕಿನಲ್ಲಿ, ಬಚ್ಚಲಿನ ಬಳಿ, ನೆಲಕ್ಕೆ ಹತ್ತಿರ ಅದನ್ನು ಇಡುವುದಿಲ್ಲ. ಇಂಥ ತುಗರಾವನ್ನು ಕೊಳ್ಳುವವನು ಒಂದು ವಸ್ತುವನ್ನು ಮಾತ್ರವಲ್ಲ, ಅದರ ಮುಪ್ಪಿನ ಹೊಣೆಯನ್ನೂ ಮನೆಗೆ ತರುತ್ತಾನೆ. ಈ ಕಾರಣದಿಂದಲೇ ಗೋಡೆಗೆ ಕುರಾನಿನ ವಾಕ್ಯ ಹಾಕುವುದು ಉಚಿತವೇ ಎಂಬ ಬಗ್ಗೆ ಧಾರ್ಮಿಕ ವಿದ್ವಾಂಸರಲ್ಲಿಯೇ ಒಮ್ಮತವಿಲ್ಲ. ಗೌರವದಿಂದ ಇಟ್ಟರೆ ತಪ್ಪಿಲ್ಲವೆಂದು ಕೆಲವರು, ಪಠಿಸಬೇಕಾದುದನ್ನು ತೂಗುಹಾಕಿ ಮರೆಯುವುದು ಸಲ್ಲದೆಂದು ಕೆಲವರು ಹೇಳುತ್ತಾರೆ. ಎರಡನೆಯವರ ಆಕ್ಷೇಪದಲ್ಲಿ ಕಲಾವಿಮರ್ಶೆಗೂ ಬೇಕಾದ ಒಂದು ಪ್ರಶ್ನೆಯಿದೆ: ನೋಟಕ್ಕೆ ಸಿಕ್ಕ ನುಡಿ ಕಿವಿಯಿಂದ ಮರೆಯಾಗುತ್ತದೆಯೇ?

4

ಇಂದಿನ ಮಾರುಕಟ್ಟೆಯನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡಬೇಕು. ಇಪ್ಪತ್ತನೆಯ ಶತಮಾನದುದ್ದಕ್ಕೂ ಉರುಸು, ಜಾತ್ರೆಗಳಲ್ಲಿ ಮಾರಾಟವಾದ ಅಗ್ಗದ ಅಚ್ಚಿನ ಪಟಗಳು ಕಾಬಾ, ಮದೀನಾದ ಹಸಿರು ಗುಮ್ಮಟ, ಗುಲಾಬಿ ಹೂ ಮತ್ತು ಪಠ್ಯವನ್ನು ಒಟ್ಟಿಗೆ ಸೇರಿಸಿದವು. ಕಲಾರಸಿಕರು ಅವುಗಳ ಕಣ್ಣು ಕುಕ್ಕುವ ಬಣ್ಣವನ್ನು ಹಳಿದದ್ದುಂಟು. ಆದರೆ ಆ ಪಟಗಳಲ್ಲಿ ಪಠ್ಯವು ಸಾಮಾನ್ಯವಾಗಿ ಸ್ವರಚಿಹ್ನೆಗಳ ಸಮೇತ ಸ್ಪಷ್ಟ ನಸ್ಖ್ ಲಿಪಿಯಲ್ಲಿರುತ್ತಿತ್ತು. ಮದರಸಾಕ್ಕೆ ಹೋಗುವ ಮಗು ಅದನ್ನು ಕೂಡಿಸಿ ಓದಬಲ್ಲದಾಗಿತ್ತು.

ಈಗ ಅವುಗಳ ಜಾಗವನ್ನು ಲೇಸರಿನಿಂದ ಕತ್ತರಿಸಿದ ಲೋಹ, ಅಕ್ರಿಲಿಕ್ ಮತ್ತು ಮರದ ಹಲಗೆಯ ಅಕ್ಷರಗಳು ಆಕ್ರಮಿಸುತ್ತಿವೆ. ಸೋಫಾದ ಬಣ್ಣಕ್ಕೆ ಹೊಂದುವ ತುಗರಾ ಎಂಬ ಮಾತು ಮಾರಾಟದ ಭಾಷೆಯಲ್ಲಿ ಸಹಜವಾಗಿದೆ. ಇಲ್ಲಿ ಎರಡು ತೊಡಕುಗಳನ್ನು ಗುರುತಿಸಬೇಕು. ಮೊದಲನೆಯದು ತಾಂತ್ರಿಕವಾದುದು. ಅರಬಿ ಲಿಪಿಯಲ್ಲಿ ಚುಕ್ಕೆಯೇ ಅಕ್ಷರವನ್ನು ಬೇರ್ಪಡಿಸುತ್ತದೆ: ಕೆಳಗೆ ಒಂದು ಚುಕ್ಕೆಯಿದ್ದರೆ ‘ಬ’, ಮೇಲೆ ಎರಡಿದ್ದರೆ ‘ತ’. ಒಂದೇ ತಗಡಿನಲ್ಲಿ ಕತ್ತರಿಸಿದಾಗ ಬಿಡಿಯಾದ ಚುಕ್ಕೆ ಕಳಚಿ ಬೀಳುತ್ತದೆ. ಅದನ್ನು ಹಿಡಿದಿಡಲು ಹೆಚ್ಚುವರಿ ಪಟ್ಟಿ ಸೇರಿಸಿದರೆ ಅಕ್ಷರದ ಆಕಾರ ಕೆಡುತ್ತದೆ. ಚುಕ್ಕೆಯನ್ನೇ ಬಿಟ್ಟರೆ ಪದ ಕೆಡುತ್ತದೆ. ಇಬ್ರಾಹಿಂ ರೋಜಾದ ಕುಶಲಿಗಳಿಗೂ ಇದೇ ಬಗೆಯ ಸಮಸ್ಯೆಯಿತ್ತು. ಅವರು ಅದನ್ನು ರಚನೆಯೊಳಗಿನಿಂದಲೇ ಬಿಡಿಸಿದರು. ಲಿಪಿ ಬಾರದ ಯಂತ್ರಚಾಲಕ ಅದನ್ನು ಬಿಡಿಸಲಾರ. ಯಂತ್ರವೇ ದೋಷವಲ್ಲ, ಯಂತ್ರ ಮತ್ತು ಲಿಪಿಜ್ಞಾನದ ನಡುವಿನ ಅಗಲಿಕೆ ದೋಷ.

ಎರಡನೆಯದು ಅರ್ಥದ ತೊಡಕು. ಹೊಸ ಮನೆಗಳ ಮುಂಭಾಗದಲ್ಲಿ, ಬಹುಮಟ್ಟಿಗೆ ಅಮೃತಶಿಲೆಯಲ್ಲಿ, ಕೆತ್ತಿಸುವ ಅತ್ಯಂತ ಜನಪ್ರಿಯ ತುಣುಕು ಕುರಾನಿನ 27ನೆಯ ಅಧ್ಯಾಯದ 40ನೆಯ ವಾಕ್ಯದಿಂದ ಬಂದದ್ದು. ಶೇಬಾದ ರಾಣಿಯ ಸಿಂಹಾಸನವು ಕಣ್ಣೆದುರು ಬಂದು ನಿಂತಾಗ ಪ್ರವಾದಿ ಸುಲೈಮಾನರು ಇದು ತನ್ನ ಒಡೆಯನ ಕೃಪೆಯೆಂದು ಒಪ್ಪಿಕೊಳ್ಳುವ ಸಂದರ್ಭವದು. ಆ ವಾಕ್ಯ ಅಲ್ಲಿಗೆ ಮುಗಿಯುವುದಿಲ್ಲ. ಈ ಕೃಪೆಯು ತನ್ನ ಕೃತಜ್ಞತೆಯ ಪರೀಕ್ಷೆ ಎಂದು ಅದು ಮುಂದುವರಿಯುತ್ತದೆ. ಗೋಡೆಗೆ ಬರುವುದು ಮೊದಲ ಭಾಗ ಮಾತ್ರ. ಹೀಗೆ ತುಂಡರಿಸಿದಾಗ ವಿನಯದ ನುಡಿ ಸಂಪತ್ತಿನ ಘೋಷಣೆಯಾಗುವ ಅಪಾಯವಿದೆ. ಮೂರು ಅಂತಸ್ತಿನ ಮನೆಯ ಮೇಲೆ ಅದನ್ನು ಓದುವ ನೆರೆಯವನಿಗೆ ಕೇಳಿಸುವುದು ಕೃತಜ್ಞತೆಯೋ ಗರ್ವವೋ ಎಂಬುದು ಆ ಮನೆಯವರ ನಡತೆಯನ್ನು ಅವಲಂಬಿಸಿದೆ.

ಇದೇ ಕಾಲದಲ್ಲಿ ಕಲೆಗೆ ಅಧಿಕೃತ ಮನ್ನಣೆ ಹೆಚ್ಚಿದೆ ಎಂಬುದೂ ನಿಜ. 2021ರಲ್ಲಿ 16 ದೇಶಗಳು ಜಂಟಿಯಾಗಿ ಸಲ್ಲಿಸಿದ ಅರಬಿ ಅಕ್ಷರಕಲೆಯನ್ನು ಯುನೆಸ್ಕೊ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಬೀದರಿನ ಬಿದರಿ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2023ರಲ್ಲಿ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದಿತು. ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಉಳಿಯಿಂದ ಗೆರೆ ಕೊರೆದು, ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣಿನ ದ್ರಾವಣದಿಂದ ಕಪ್ಪಾಗಿಸುವ ಈ ಕಲೆಯಲ್ಲಿ ಚುಕ್ಕೆ ಎಂದೂ ಕಳಚುವುದಿಲ್ಲ. ಅದು ಕಪ್ಪು ನೆಲದಲ್ಲಿ ಬೆಳ್ಳಿಯಾಗಿ ಕೂರುತ್ತದೆ. ನಮ್ಮ ನೆಲದಲ್ಲಿಯೇ ಇಂಥ ಮಾಧ್ಯಮವಿರುವಾಗ ದೂರದ ಕಾರ್ಖಾನೆಯ ಅಚ್ಚುಗಳು ದಖನಿನ ಗೋಡೆಗಳನ್ನು ತುಂಬುತ್ತಿರುವುದು ವಿಷಾದದ ಸಂಗತಿ. ಆದರೆ ಬಿದರಿಯ ಬೆಲೆ ಎಲ್ಲರಿಗೂ ಎಟುಕದು ಎಂಬುದನ್ನು ಮರೆತು ಈ ಮಾತು ಹೇಳಿದರೆ ಅದು ಉಳ್ಳವರ ಉಪದೇಶವಾಗುತ್ತದೆ.

5

ಹಾಗಾದರೆ ಆಯ್ಕೆಯ ವಿವೇಕ ಯಾವುದು? ಮೇಲಿನ ಚರ್ಚೆಯಿಂದ ಕೆಲವು ಮಾನದಂಡಗಳನ್ನು ಹೊರಡಿಸಬಹುದು. ಪಠ್ಯದ ಶುದ್ಧಿ ಮೊದಲನೆಯದು. ಅರಬಿ ಬಲ್ಲವರೊಬ್ಬರು ಅಕ್ಷರ, ಚುಕ್ಕೆಗಳನ್ನು ನೋಡಿ ಒಪ್ಪದ ತುಗರಾ ಎಷ್ಟು ಬೆಲೆಯದಾದರೂ ಅಪೂರ್ಣ. ಲಿಪಿ ಮತ್ತು ಗೋಡೆಯ ಹೊಂದಾಣಿಕೆ ಎರಡನೆಯದು. ಉದ್ದನೆಯ ಪಟ್ಟಿಗೆ ಸುಲುಸ್, ಚೌಕಕ್ಕೆ ಕೂಫಿ, ಫಾರಸಿ ಮತ್ತು ಉರ್ದು ಸಾಲಿಗೆ ನಸ್ತಾಲಿಕ್, ಹತ್ತಿರ ನಿಂತು ಓದುವ ದೀರ್ಘ ಪಠ್ಯಕ್ಕೆ ನಸ್ಖ್ ಒಪ್ಪುತ್ತವೆ. ಸ್ಥಾನ ಮೂರನೆಯದು, ಕಣ್ಣಿನ ಮಟ್ಟಕ್ಕಿಂತ ಮೇಲೆ, ಸುತ್ತ ಬಿಡುವಿರುವ ಗೋಡೆಯಲ್ಲಿ ಒಂದೇ ತುಗರಾ, ಐದರ ಗುಂಪಿಗಿಂತ ಹೆಚ್ಚು ಮಾತನಾಡುತ್ತದೆ. ಈ ಮೂರನ್ನೂ ಪಾಲಿಸಿದ ಜಾತ್ರೆಯ ಪಟವು ಇವನ್ನು ಮೀರಿದ ದುಬಾರಿ ಲೋಹದ ಕೃತಿಗಿಂತ ಮೇಲು ಎಂದು ಹೇಳಲು ವಿಮರ್ಶೆ ಹಿಂಜರಿಯಬೇಕಾಗಿಲ್ಲ.

ಕೊನೆಯ ಮಾನದಂಡ ಹೆಚ್ಚು ಮುಖ್ಯವಾದುದು. ಗೋಡೆಯ ಮೇಲೆ ಏನು ಬರೆದಿದೆ ಎಂದು ಮಗು ಕೇಳಿದರೆ, ಅಥವಾ ಹಬ್ಬಕ್ಕೆ ಬಂದ ನೆರೆಮನೆಯವರು ಕೇಳಿದರೆ, ಹೇಳಬಲ್ಲ ಒಬ್ಬರಾದರೂ ಆ ಮನೆಯಲ್ಲಿರಬೇಕು. ದಖನಿ, ಉರ್ದು, ಕನ್ನಡ ಯಾವ ಮಾತಿನಲ್ಲಾದರೂ ಸರಿ, ಆ ವಿವರಣೆಯೇ ತುಗರಾದ ಮೌಖಿಕ ಪರಂಪರೆ. ಜಾನಪದದ ದೃಷ್ಟಿಯಲ್ಲಿ ಚೌಕಟ್ಟಿನೊಳಗಿನ ಅಕ್ಷರದಷ್ಟೇ ಬೆಲೆ ಅದರ ಕೆಳಗೆ ನಿಂತು ಆಡುವ ಈ ಮಾತಿಗೂ ಇದೆ. ಆ ಮಾತು ನಿಂತುಹೋದಾಗ ಅಕ್ಷರವು ಕೇಳುವವರಿಲ್ಲದೆ ಬರಿಯ ಗುರುತಾಗುತ್ತದೆ: ಒಳಗಿನವರಿಗೆ ಅಲಂಕಾರದ ಗುರುತು, ಹೊರಗಿನವರಿಗೆ ಅನ್ಯತೆಯ ಗುರುತು. ಅಷ್ಟೂರಿನ ಗುಮ್ಮಟದ ಕೆಳಗೆ ಶತಮಾನಗಳಿಂದ ಎರಡು ಸಮುದಾಯಗಳು ಒಟ್ಟಿಗೆ ನಿಲ್ಲಲು ಸಾಧ್ಯವಾದದ್ದು ಅಲ್ಲಿನ ಅಕ್ಷರಗಳನ್ನು ಎಲ್ಲರೂ ಓದಬಲ್ಲವರಾಗಿದ್ದರಿಂದಲ್ಲ. ಆ ಅಕ್ಷರಗಳನ್ನು ಸುತ್ತುವರಿದ ಕಥೆಗಳನ್ನು ಎಲ್ಲರೂ ಹೇಳಬಲ್ಲವರಾಗಿದ್ದರಿಂದ. ಮನೆಯ ಗೋಡೆಗೂ ಈ ಮಾತು ಅನ್ವಯಿಸುತ್ತದೆ.